ಮೊದಲು ಕಪ್ಪು ಹುಡುಕು

ಅವರು ನನಗೆ ಒಂದನ್ನೂ ನೆಟ್ಟಗೆ ಕಲಿಸಲಿಲ್ಲ. ಹೋದ ತಿಂಗಳು ತೀರಿಕೊಂಡವರ ಬಗ್ಗೆ ಹೀಗೆ ಶುರು ಮಾಡಬಾರದು ಎಂದು ನನಗೂ ಗೊತ್ತು. ಆದರೆ ಅವರನ್ನು ನೆನೆದರೆ ಇವತ್ತಿಗೂ ಮೊದಲು ಬರುವುದು ಸಿಟ್ಟು, ಉಳಿದದ್ದೆಲ್ಲ ಆಮೇಲೆ. ಕನಕಪುರದ ಬಸ್ ಸ್ಟ್ಯಾಂಡಿನ ಹತ್ತಿರ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಅವರ ಫೋಟೋ ಸ್ಟುಡಿಯೋ ಇತ್ತು. ಡಿಗ್ರಿ ಮುಗಿಸಿದ ವರ್ಷ ಎಡಿಟಿಂಗ್ ಕಲಿಯಲು ಅಲ್ಲಿಗೆ ಸೇರಿದೆ. ಉಯ್ಯಂಬಳ್ಳಿ ಕಡೆಯ ನಮ್ಮೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಆರು ತಿಂಗಳಲ್ಲಿ ಎಲ್ಲ ಕಲಿತುಬಿಡುತ್ತೇನೆ ಎಂದು ಮನೆಯಲ್ಲಿ ಹೇಳಿದ್ದೆ. ಆ ಆರು ತಿಂಗಳು ನಾನು ಮೌಸನ್ನೇ ಮುಟ್ಟಲಿಲ್ಲ.

ಮೌಸು ಸದಾ ಅವರ ಕೈಯಲ್ಲೇ ಇರುತ್ತಿತ್ತು. ನನಗೆ ಪಕ್ಕದಲ್ಲೊಂದು ಕಬ್ಬಿಣದ ಸ್ಟೂಲು. ಅವರು ಫೋಟೋ ತೆರೆದು, ಒಂದು ಗೆರೆ ಎಳೆದು, ಒಂದು ಮೂಲೆ ಒತ್ತಿ, ಮುಗಿಸಿ ಮುಚ್ಚಿಬಿಡುವಷ್ಟರಲ್ಲಿ ನಾನಿನ್ನೂ ಪೆನ್ನಿನ ಕ್ಯಾಪು ತೆಗೆಯುತ್ತಿರುತ್ತಿದ್ದೆ.

"ಸಾರ್, ಆ ಗೆರೆ ಯಾಕೆ ಮೇಲಕ್ಕೆ ಎಳೆದ್ರಿ?"

"ನೋಡ್ತಿರು ಅಮ್ಮಣ್ಣಿ."

"ನೋಡ್ದೆ ಸಾರ್. ಯಾಕೆ ಅಂತ ಗೊತ್ತಾಗ್ಲಿಲ್ಲ."

"ಇನ್ನೊಂದ್ ಒಸಿ ನೋಡು."

ಇಷ್ಟೇ ಪಾಠ. ನಾನೊಂದು ನೋಟ್‌ಬುಕ್ ಇಟ್ಟುಕೊಂಡು ಕದ್ದು ನಂಬರುಗಳನ್ನು ಬರೆದುಕೊಳ್ಳಲು ಶುರು ಮಾಡಿದೆ. ಲೆವೆಲ್ಸ್ ಎಡಕ್ಕೆ ಹನ್ನೆರಡು, ಬಲಕ್ಕೆ ಇನ್ನೂರ ನಲವತ್ತು, ಹೀಗೆ. ಒಂದು ದಿನ ಅದು ಅವರ ಕೈಗೆ ಸಿಕ್ಕಿತು. ಪುಟ ತಿರುಗಿಸಿ ನೋಡಿ, "ಫೋಟೋ ಬದಲಾದ್ರೆ ನಂಬರೂ ಬದಲಾಯ್ತದೆ. ಇದನ್ನ ಇಟ್ಕೊಂಡು ಏನ್ ಉಪ್ಪಿನಕಾಯಿ ಹಾಕ್ತೀಯಾ?" ಎಂದು ಕೆಳಗಿನ ಬೇಕರಿಯವನಿಗೆ ಪೊಟ್ಟಣ ಕಟ್ಟಲು ಕೊಟ್ಟುಬಿಟ್ಟರು. ಮರುದಿನ ನಾನು ಕೊಂಡ ಖಾರಾ ಬನ್ನು ನನ್ನದೇ ಅಕ್ಷರದಲ್ಲಿ ಸುತ್ತಿಕೊಂಡು ಬಂತು. ಬಸ್ಸಿನಲ್ಲಿ ಕೂತು ಅತ್ತಿದ್ದೆ. ಮೊಬೈಲಿನಲ್ಲಿ ವೀಡಿಯೋ ನೋಡಿ ಕಲಿಯೋಣ ಎಂದರೆ ಅಲ್ಲಿ ಮಾತಾಡುವವರೂ ಇವರ ಹಾಗೇ, ಪರದೆಯ ಮೇಲೆ ಮೌಸಿನ ಬಾಣ ಓಡಿದ್ದು ಕಾಣುತ್ತದೆ, ಯಾಕೆ ಓಡಿತು ಎನ್ನುವುದಿಲ್ಲ.

ನೋಡಲು ಅವರು ಸಾಧು. ಅರ್ಧ ತೋಳಿನ ಬಿಳಿ ಅಂಗಿ, ಹಣೆ ತುಂಬ ವಿಭೂತಿ, ಬಿಸಿಲಿಗೆ ಹೋದರೆ ತಾನಾಗಿ ಕಪ್ಪಾಗುವ ದಪ್ಪ ಕನ್ನಡಕ. ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆಯುತ್ತಿದ್ದ ಕಾಲದಿಂದ ಬಂದವರು. ಬೆಳಕು ಅಳೆಯುವ ಮೀಟರು ಕಪಾಟಿನಲ್ಲಿ ಧೂಳು ಹಿಡಿದಿತ್ತು. ಯಾರಾದರೂ ಕೇಳಿದರೆ ತಮ್ಮ ಕಣ್ಣಿನ ಕಡೆ ಬೆರಳು ತೋರಿಸಿ, "ಇದೈತಲ್ಲ, ಅದ್ಯಾಕೆ?" ಎನ್ನುತ್ತಿದ್ದರು. ಆ ಮಾತಿನಲ್ಲಿ ಜಂಬವಿತ್ತು. ಆದರೆ ಸುಳ್ಳಿರಲಿಲ್ಲ.

ಅವರ ಬಾಯಿಂದ ನಾನು ನೆಟ್ಟಗೆ ಕೇಳಿಸಿಕೊಂಡದ್ದು ಎರಡೇ ಪಾಠ. ಒಂದು ಲೆವೆಲ್ಸಿನದು. ಅದನ್ನು ತೆರೆದರೆ ಗುಡ್ಡದಂಥ ಒಂದು ಚಿತ್ರ ಬರುತ್ತದೆ. ಗುಡ್ಡದ ಎಡಗಡೆ ಫೋಟೋದಲ್ಲಿರುವ ಕಪ್ಪು, ಬಲಗಡೆ ಬಿಳಿ, ನಡುವೆ ಉಳಿದದ್ದೆಲ್ಲ. ಪಕ್ಕದಲ್ಲಿ ಶಾಯಿ ತುಂಬುವ ಡ್ರಾಪರಿನಂಥ ಮೂರು ಗುರುತುಗಳು. ಕಪ್ಪು ಡ್ರಾಪರನ್ನು ಫೋಟೋದಲ್ಲಿ ಎಲ್ಲಿ ಒತ್ತಿದರೆ ಆ ಜಾಗವೇ ಅಚ್ಚ ಕಪ್ಪು ಎಂದು ಕಂಪ್ಯೂಟರ್ ನಂಬುತ್ತದೆ. ಅದಕ್ಕಿಂತ ಕಡುವಾಗಿದ್ದದ್ದೆಲ್ಲ ಆ ಕಪ್ಪಿನಲ್ಲಿ ಮುಳುಗಿಹೋಗುತ್ತದೆ. ಬಿಳಿಯದೂ ಹಾಗೆಯೇ. ಬ್ರೈಟ್‌ನೆಸ್ ಎನ್ನುವ ಹೆಸರೆತ್ತಿದರೆ ಅವರಿಗೆ ಮೈ ಉರಿಯುತ್ತಿತ್ತು.

"ಅದು ಸುಣ್ಣ ಬಳಿಯೋ ಕೆಲ್ಸ. ಮೊದ್ಲು ಕಪ್ಪು ಹುಡುಕು ಅಮ್ಮಣ್ಣಿ. ಮುಖದಾಗೆ ಕಪ್ಪು ಎಲ್ಲೈತೆ?"

"ಕೂದಲಲ್ಲಿ ಸಾರ್."

"ಕೂದ್ಲಿಗೆ ಎಣ್ಣೆ ಹಾಕವ್ರೆ, ಹೊಳೀತದೆ. ಮೀಸೆಗೆ ಬಣ್ಣ ಹೊಡ್ದವ್ರೆ. ಕಣ್ಪಾಪೆ ನೋಡು. ಅದೊಂದೇ ಸುಳ್ಳು ಹೇಳಾಕಿಲ್ಲ."

"ಬಿಳಿ?"

"ನಮ್ಮೋರಾದ್ರೆ ಈಬೂತಿ. ಬ್ಯಾರೆಯೋರಾದ್ರೆ ಹಲ್ಲು, ಇಲ್ಲಾ ಕಾಲರ್ರು. ಮಿಕ್ಕಿದ್ದು ಅವ್ರವ್ರ ಬಣ್ಣ. ಅದ್ರ ತಂಟೆಗೆ ಹೋಗ್ಬ್ಯಾಡ."

ಎರಡನೆಯ ಪಾಠ, ಮೂಲವನ್ನು ಮುಟ್ಟಬಾರದು ಎನ್ನುವುದು. ಫೋಟೋದ ಮೇಲೆ ಗಾಜಿನ ಹಾಳೆ ಹಾಸಿದ ಹಾಗೆ ಒಂದು ಲೇಯರ್ ಹಾಕಬೇಕು, ತಿದ್ದುವುದೆಲ್ಲ ಅದರ ಮೇಲೆ. ಲೇಯರಿನ ಪಕ್ಕದಲ್ಲೊಂದು ಪುಟ್ಟ ಕಣ್ಣಿನ ಗುರುತು ಇರುತ್ತದೆ. ಅದನ್ನು ಒತ್ತಿದರೆ ತಿದ್ದಿದ್ದು ಮರೆಯಾಗಿ ಕೆಳಗಿನ ಮೂಲ ಇದ್ದ ಹಾಗೇ ಕಾಣುತ್ತದೆ. ಈ ಪಾಠವನ್ನು ನಾನು ಪೆಟ್ಟು ತಿಂದು ಕಲಿತೆ. ಒಂದು ಮನೆಯವರು ತೀರಿಹೋದ ಅಜ್ಜಿಯ ವೋಟರ್ ಕಾರ್ಡ್ ತಂದಿದ್ದರು. ಅದರಲ್ಲಿದ್ದ ಉಗುರಗಲದ ಫೋಟೋ ಬಿಟ್ಟರೆ ಅಜ್ಜಿಯದು ಬೇರೆ ಚಿತ್ರವೇ ಇರಲಿಲ್ಲ. ಸ್ಕ್ಯಾನ್ ಮಾಡಿಕೊಂಡು ಕಾರ್ಡ್ ವಾಪಸು ಕೊಟ್ಟೆವು. ಸಾರ್ ಊಟಕ್ಕೆ ಹೋಗಿದ್ದಾಗ ನಾನೇ ಮೌಸು ಹಿಡಿದು, ಲೇಯರ್ ಹಾಕದೆ ಮೂಲದ ಮೇಲೇ ತಿದ್ದಿ, ಸೇವ್ ಮಾಡಿ, ಅಜ್ಜಿಯ ಮೂಗನ್ನೇ ಅಳಿಸಿಬಿಟ್ಟೆ.

ಅವರು ಬಯ್ಯಲಿಲ್ಲ. ಮರುದಿನ ಬೆಳಿಗ್ಗೆ ತಾವೇ ಬಸ್ ಹತ್ತಿ ಆ ಊರಿಗೆ ಹೋಗಿ ಕಾರ್ಡನ್ನು ಮತ್ತೆ ಇಸಿದುಕೊಂಡು ಬಂದರು. ಯಾರ ತಪ್ಪೆಂದು ಅಲ್ಲಿ ಹೇಳಿದರೋ, ನನಗಂತೂ ಹೇಳಲಿಲ್ಲ. ಬೈದಿದ್ದರೆ ಎಷ್ಟೋ ಸುಖವಿತ್ತು. ಆ ಮನೆಯವರು ಫ್ರೇಮು ತೆಗೆದುಕೊಂಡು ಹೊರಟಾಗ ನಾನು ಬಾಯ್ತಪ್ಪಿ "ಬನ್ನಿ" ಎಂದೆ. ಸಾರ್ ನನ್ನ ಕಡೆ ಕಣ್ಣು ಬಿಟ್ಟರು. ಸತ್ತವರ ಫೋಟೋ ಒಯ್ಯುವವರು ಅಂಗಡಿಯಲ್ಲಿ "ಬತ್ತೀನಿ" ಅನ್ನುವುದಿಲ್ಲ, ನಾವೂ "ಬನ್ನಿ" ಅನ್ನಬಾರದು. ಸುಮ್ಮನೆ ಕೈಗೆ ಕೊಡಬೇಕು, ಅವರು ಸುಮ್ಮನೆ ಮೆಟ್ಟಿಲಿಳಿಯಬೇಕು. ಇದನ್ನೂ ಅವರು ಮೊದಲೇ ಹೇಳಬಹುದಿತ್ತು.

ಮೂರನೆಯ ವರ್ಷದ ಹೊತ್ತಿಗೆ ನನ್ನ ಕೈಗೂ ಮೌಸು ಬಂದಿತ್ತು. ಸಣ್ಣಪುಟ್ಟದ್ದು ನಾನು, ಮದುವೆ ಆಲ್ಬಮ್ಮುಗಳು ಅವರು. ಆಲ್ಬಮ್ಮಿನ ಫೈಲುಗಳನ್ನು ಬೆಂಗಳೂರಿನ ಲ್ಯಾಬಿಗೆ ಕಳಿಸಿದರೆ ಅಲ್ಲಿಂದ ಪ್ರಿಂಟಾಗಿ ಬರುತ್ತಿತ್ತು. ಆ ವರ್ಷ ಹಾರೋಹಳ್ಳಿಯ ಒಂದು ಮದುವೆಯ ಆಲ್ಬಮ್ ಬಂತು. ಹುಡುಗಿಯ ಚಿಕ್ಕಮ್ಮ ಅದನ್ನು ತೆಗೆದುಕೊಂಡು ಹೋದ ಎರಡೇ ದಿನಕ್ಕೆ ವಾಪಸು ತಂದು ಟೇಬಲ್ಲಿನ ಮೇಲೆ ಹಾಕಿದರು.

"ನಾವ್ ನಮ್ ಹುಡ್ಗೀಗೆ ಅರಿಶಿನ ಬಳ್ದಿದ್ವೋ, ಮೈದಾ ಹಿಟ್ ಬಳ್ದಿದ್ವೋ? ನೋಡ್ರಿ ಇಲ್ಲಿ!"

ನೋಡಿದೆ. ಅರಿಶಿನ ಶಾಸ್ತ್ರದ ಹದಿನಾರು ಪುಟ. ಹುಡುಗಿಯ ಕೆನ್ನೆ, ಕೈ, ಪಾದ, ಎಲ್ಲ ಬಿಳಿಚಿಕೊಂಡು ನೀಲಿಗೆ ತಿರುಗಿತ್ತು. ಚೆಂಡು ಹೂವು ಬಿಳಿ ಸೇವಂತಿಗೆಯಾಗಿತ್ತು. ಸಾರ್ ಆಲ್ಬಮ್ಮನ್ನು ಕಿಟಕಿಯ ಹತ್ತಿರ ಹಿಡಿದು, ಕನ್ನಡಕ ಏರಿಸಿ, ಇಳಿಸಿ, "ಸರಿಯಾಗೇ ಐತಲ್ಲಮ್ಮ" ಎಂದರು. ಆ ಹೆಂಗಸು ಅವರ ಮುಖವನ್ನು ಒಂದು ಕ್ಷಣ ನೋಡಿ, ನಗಬೇಕೋ ಬಯ್ಯಬೇಕೋ ತಿಳಿಯದೆ ನನ್ನ ಕಡೆ ತಿರುಗಿದರು. ಮತ್ತೆ ಪ್ರಿಂಟ್ ಹಾಕಿಸಿಕೊಡುತ್ತೇವೆ ಎಂದು ನಾನೇ ಸಮಾಧಾನ ಮಾಡಿ ಕಳಿಸಿದೆ.

ಆಮೇಲೆ ಅದೇ ಗೋಳು ಶುರುವಾಯಿತು. ಒಬ್ಬರ ರೇಷ್ಮೆ ಸೀರೆಯ ಜರಿ ಬೆಳ್ಳಿಯಾಯಿತು. ಇನ್ನೊಬ್ಬರ ಮಗು ಚಳಿ ಹಿಡಿದ ಹಾಗೆ ಕಂಡಿತು. ಸಾರ್ ದಿನಕ್ಕೊಬ್ಬರನ್ನು ಬಯ್ದರು. ಲ್ಯಾಬಿನವರು ಪೇಪರ್ ಬದಲಾಯಿಸಿದ್ದಾರೆ, ಶಾಯಿಯಲ್ಲಿ ಕಲಬೆರಕೆ ಇದೆ, ಕರೆಂಟು ಏರಿಳಿದು ಮಾನಿಟರ್ ಕೆಟ್ಟಿದೆ. ಕೊನೆಗೆ ನನ್ನ ಸರದಿ ಬಂತು.

"ಮಾನಿಟರ್ ಬಟನ್ನು ನೀನೇನಾರ ಒತ್ತಿದ್ಯಾ?"

"ಇಲ್ಲ ಸಾರ್."

"ಮತ್ಯಾಕೆ ಎಲ್ಲಾ ಹಳದಿಯಾಗಿ ಕಾಣ್ತೈತೆ? ದಿನಾ ಹಳದಿ ತೆಗ್ದು ತೆಗ್ದು ಸಾಕಾಯ್ತು ನಂಗೆ."

ನನಗೆ ಹಳದಿ ಕಾಣುತ್ತಿರಲಿಲ್ಲ. ಪಕ್ಕದಲ್ಲೇ ಕೂತು ಅದೇ ಮಾನಿಟರ್ ನೋಡುತ್ತಿದ್ದೆ. ಅವರು ಕಲರ್ ಬ್ಯಾಲೆನ್ಸ್ ತೆರೆದು ಹಳದಿಯನ್ನು ನೀಲಿಯ ಕಡೆ ಎಳೆಯುತ್ತಿದ್ದರೆ ಚೆನ್ನಾಗಿದ್ದ ಫೋಟೋ ನನ್ನ ಕಣ್ಣೆದುರೇ ಹೆಣದ ಬಣ್ಣಕ್ಕೆ ತಿರುಗುತ್ತಿತ್ತು. ಒಂದೆರಡು ಸಲ "ಸಾರ್, ಜಾಸ್ತಿಯಾಯ್ತು" ಎಂದೆ. "ನಿಂಗಿನ್ನೂ ಕಣ್ಣು ಬಂದಿಲ್ಲ" ಎಂದರು. ಮೂರು ವರ್ಷ ಪಕ್ಕದಲ್ಲಿ ಕೂತವಳಿಗೆ ಆ ಮಾತು ಎಷ್ಟು ಉರಿಯಿತೆಂದರೆ, ಆಮೇಲೆ ಬಾಯಿಯನ್ನೇ ಬಿಡಲಿಲ್ಲ.

ಆ ವರ್ಷವೇ ಅವರಿಗೆ ಬಸ್ಸಿನ ಹಿರಿಯರ ಪಾಸು ಮಾಡಿಸಲು ಒಂದು ಫೋಟೋ ಬೇಕಾಯಿತು. ಊರಿಗೆಲ್ಲ ಫೋಟೋ ತೆಗೆದವರದು ಒಂದೂ ಒಳ್ಳೆಯ ಫೋಟೋ ಇರಲಿಲ್ಲ. ಕನ್ನಡಕ ತೆಗೆದು ಸ್ಟೂಲಿನ ಮೇಲೆ ಕೂತರು. ಲೈಟು ಮೇಲಾಯಿತು, ಕೆಳಗಾಯಿತು ಎಂದು ಕೂತಲ್ಲಿಂದಲೇ ನನ್ನನ್ನು ಗೋಳು ಹುಯ್ದುಕೊಂಡರು. ಹೇಗೋ ತೆಗೆದು, ಕಂಪ್ಯೂಟರಿಗೆ ಹಾಕಿ, ಅವರು ಹಿಂದೆಯೇ ನಿಂತಿದ್ದಾರೆಂದು ಅವರ ಪಾಠದ ಪ್ರಕಾರವೇ ಶುರು ಮಾಡಿದೆ. ಬಿಳಿ ಡ್ರಾಪರ್ ವಿಭೂತಿಗೆ. ಸರಿ ಬಂತು. ಕಪ್ಪು ಡ್ರಾಪರ್ ಬಲಗಣ್ಣಿನ ಪಾಪೆಗೆ.

ಒತ್ತಿದ್ದೇ ತಡ, ಫೋಟೋ ಪೂರ್ತಿ ಕಪ್ಪಾಯಿತು. ಕೂದಲು, ಮೀಸೆ, ಹುಬ್ಬು, ಕೆನ್ನೆಯ ನೆರಳು, ಎಲ್ಲ ಒಂದೇ ಮುದ್ದೆ. ಕೈ ತಪ್ಪಿತೇನೋ ಎಂದು ಹಿಂದಕ್ಕೆ ತಂದು ಮತ್ತೆ ಒತ್ತಿದೆ. ಮತ್ತೆ ಅದೇ. ಕಣ್ಣನ್ನು ಪರದೆಯ ತುಂಬ ದೊಡ್ಡದು ಮಾಡಿ ನೋಡಿದೆ. ಪಾಪೆ ಇರಬೇಕಾದ ಜಾಗದಲ್ಲಿ ಒಲೆಯ ಬೂದಿಯ ಬಣ್ಣ. ಆಪರೇಷನ್ನಿಗೆ ಮೊದಲು ನಮ್ಮಜ್ಜಿಯ ಕಣ್ಣು ಹಾಗೇ ಇತ್ತು. ಪೊರೆ. ಎಡಗಣ್ಣಿನಲ್ಲೂ ಮಬ್ಬಿತ್ತು, ಬಲಗಣ್ಣಿನಷ್ಟಲ್ಲ. ಇಷ್ಟು ದಿನದ ಹಳದಿ ಎಲ್ಲಿತ್ತು ಎಂದು ಆಗ ಗೊತ್ತಾಯಿತು.

"ಏನಾಯ್ತು? ಯಾಕೆ ನಿಂತ್ಬುಟ್ಟೆ?" ಎಂದರು ಹಿಂದಿನಿಂದ.

"ಏನಿಲ್ಲ ಸಾರ್."

ಈ ಎರಡು ಪದಗಳನ್ನು ನಾನು ಯಾಕೆ ಹೇಳಿದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಕಣ್ಣೇ ನನ್ನ ಮೀಟರು ಎನ್ನುವ ಮನುಷ್ಯನಿಗೆ ನಿಮ್ಮ ಕಣ್ಣು ಹೋಗಿದೆ ಎನ್ನುವುದು ಹೇಗೆ ಎಂಬ ಅಂಜಿಕೆ ಇತ್ತು, ನಿಜ. ಆದರೆ ಅಷ್ಟೇ ಅಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಅವರಿಗೆ ಗೊತ್ತಿಲ್ಲದ್ದೊಂದು ನನಗೆ ಗೊತ್ತಿತ್ತು. ನನಗಿನ್ನೂ ಕಣ್ಣು ಬಂದಿಲ್ಲ ಅಂದಿದ್ದರಲ್ಲ. ಒಳಗೊಳಗೇ ಖುಷಿಯಾಯಿತು, ಅದನ್ನು ಮುಚ್ಚಿಡಲಾರೆ.

ಕಾಲರಿನ ಕೆಳಗಿನ ನೆರಳಿನಲ್ಲಿ ಬೇರೆ ಕಪ್ಪು ಹುಡುಕಿ ಲೆವೆಲ್ಸ್ ಮುಗಿಸಿದೆ. ಮೇಲೆ ಹೊಸ ಲೇಯರ್ ಹಾಕಿ, ಸಣ್ಣ ಬ್ರಷ್ಷಿನಿಂದ ಎರಡೂ ಪಾಪೆಗಳಿಗೆ ಕಪ್ಪು ಬಳಿದೆ. ಅವರು ಬಗ್ಗಿ ನೋಡಿದರು.

"ಹ್ಞೂಂ. ಈಗ ಸರಿಯಾಗಿ ಕಪ್ಪು ಹಿಡ್ದಿದ್ದೀಯ" ಎಂದರು.

ಅವರ ಬಾಯಿಂದ ನಾನು ಕೇಳಿದ ಹೊಗಳಿಕೆ ಅದೊಂದೇ. ಅದೂ ಸುಳ್ಳು ಕಪ್ಪಿಗೆ.

ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಅವರು ಆಲ್ಬಮ್ ಮುಗಿಸಿ ಊಟಕ್ಕೆ ಮನೆಗೆ ಹೋದಾಗ, ಪ್ರತಿ ಪುಟದ ಮೇಲೂ ನಾನೊಂದು ಲೇಯರ್ ಹಾಕಿ ಅವರು ತೆಗೆದ ಹಳದಿಯನ್ನು ವಾಪಸು ತರುತ್ತಿದ್ದೆ. ಆ ಲೇಯರಿಗೆ ಅರಿಶಿನ ಎಂದು ಹೆಸರಿಟ್ಟಿದ್ದೆ. ಆಮೇಲೆ ಲ್ಯಾಬಿಗೆ ಕಳಿಸುತ್ತಿದ್ದೆ. ದೂರುಗಳು ನಿಂತವು. ಹಾರೋಹಳ್ಳಿಯ ಆ ಚಿಕ್ಕಮ್ಮನೇ ಮತ್ತೊಂದು ಮದುವೆಯ ಕೆಲಸ ಕೊಟ್ಟರು. ಸಾರ್ ಬೀಗಿ ಹೋದರು.

"ನೋಡ್ದಾ? ಲ್ಯಾಬಿನೋರಿಗೆ ಫೋನ್ ಮಾಡಿ ಬಿಸಿ ಮುಟ್ಟಿಸ್ದೆ. ಈಗ ದಾರೀಗ್ ಬಂದವ್ರೆ."

ಹಲ್ಲು ಕಚ್ಚಿಕೊಂಡು "ಹೌದು ಸಾರ್" ಎನ್ನುತ್ತಿದ್ದೆ. ದಿನಕ್ಕೊಂದು ಸಲ ಅವರ ಎದುರು ಕೂಗಿ ಹೇಳಿಬಿಡಬೇಕು ಅನಿಸುತ್ತಿತ್ತು. ಅವರು ಕಾಫಿ ಲೋಟವೆಂದು ಪೆನ್ನಿನ ಡಬ್ಬಿಗೆ ಕೈ ಹಾಕುವುದು, ಸಾತನೂರಿನ ಬಸ್ಸನ್ನು ಹಾರೋಹಳ್ಳಿಯದೆಂದು ಹತ್ತಿ ಇಳಿದು ಬರುವುದು, ಎಲ್ಲ ಕಣ್ಣಿಗೆ ಬೀಳುತ್ತಿತ್ತು. ತಲೆನೋವು ಎಂದು ಬಲಗಣ್ಣನ್ನು ಒತ್ತಿ ಹಿಡಿದು ಕೂರುತ್ತಿದ್ದರು. ಇವರೇ ಯಾಕೆ ಡಾಕ್ಟರ ಹತ್ತಿರ ಹೋಗಬಾರದು ಎಂದು ನನಗೆ ರೇಗುತ್ತಿತ್ತೇ ಹೊರತು, ಹೋಗಿ ಎಂದು ನಾನು ಹೇಳಲಿಲ್ಲ. ಆಲ್ಬಮ್ಮುಗಳು ಚೆನ್ನಾಗಿ ಬರುತ್ತಿದ್ದವಲ್ಲ.

ಎಂಟು ತಿಂಗಳು ಹೀಗೆ ನಡೆಯಿತು. ಒಂದು ಬೆಳಿಗ್ಗೆ ಬಲಗಣ್ಣಿನ ನೋವು ತಡೆಯಲಾರದೆ ವಾಂತಿ ಮಾಡಿಕೊಂಡರಂತೆ. ಅವರ ಹೆಂಡತಿ, ನಾನು ಅಕ್ಕ ಎನ್ನುತ್ತಿದ್ದೆ, ಆಟೋ ಮಾಡಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋದರು. ಎಡಗಣ್ಣಿನ ಪೊರೆ ತೆಗೆದರು. ಬಲಗಣ್ಣಿನದು ಬಲಿತು, ಒಳಗೆ ಒತ್ತಡ ಏರಿ, ನರ ಕೆಟ್ಟುಹೋಗಿತ್ತು.

ತಿಂಗಳ ಮೇಲೆ ಸ್ಟುಡಿಯೋಕ್ಕೆ ಬಂದರು. ಗೋಡೆಯ ಮೇಲೆ ಹಾರೋಹಳ್ಳಿಯ ಹುಡುಗಿಯ ಅರಿಶಿನ ಶಾಸ್ತ್ರದ ದೊಡ್ಡ ಪ್ರಿಂಟು ಇತ್ತು. ಮೊದಲ ಸಲದ ಬಿಳಿಚಿದ್ದೇ, ಅವರೇ ಮೆಚ್ಚಿ ತೂಗುಹಾಕಿದ್ದು. ಅದರ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಬಂದು ಕುರ್ಚಿಯಲ್ಲಿ ಕೂತು, ಮೌಸು ಹಿಡಿದು, ಇತ್ತೀಚಿನ ಒಂದು ಆಲ್ಬಮ್ ತೆರೆದರು. ಲೇಯರುಗಳ ಪಟ್ಟಿಯ ತುದಿಯಲ್ಲಿ ಅರಿಶಿನ ಎಂದಿತ್ತು. ಅದರ ಪಕ್ಕದ ಕಣ್ಣಿನ ಗುರುತನ್ನು ಒತ್ತಿದರು. ಮದುಮಗಳು ಬಿಳಿಚಿದಳು. ಮತ್ತೆ ಒತ್ತಿದರು. ಬಣ್ಣ ಬಂತು. ಇನ್ನೊಂದು ಆಲ್ಬಮ್ ತೆರೆದರು. ಅದರಲ್ಲೂ ಅರಿಶಿನ.

"ಎಷ್ಟ್ ದಿನದಿಂದ?"

"ಎಂಟು ತಿಂಗಳು ಸಾರ್."

"ಯಾಕೆ ಯೋಳ್ಲಿಲ್ಲ?"

ನೀವು ಕೇಳುತ್ತಿರಲಿಲ್ಲ, ಬೈಯುತ್ತಿದ್ದಿರಿ, ನನಗೆ ಕಣ್ಣಿಲ್ಲ ಅಂದಿರಿ, ಹೀಗೆ ಎಷ್ಟೋ ಉತ್ತರಗಳು ನನ್ನ ಹತ್ತಿರ ಇದ್ದವು.

"ಡಾಕ್ಟ್ರು ಅಂದ್ರು, ಆರು ತಿಂಗ್ಳು ಮುಂಚೆ ಬಂದಿದ್ರೆ ಈ ಕಣ್ಣೂ ಉಳೀತಿತ್ತು ಅಂತ" ಎಂದು ಬಲಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡರು. ದನಿ ಏರಲಿಲ್ಲ. "ಮೂಲ ಮುಟ್ಬ್ಯಾಡ ಅಂದಿದ್ದು ಫೋಟೋಗೆ ಅಮ್ಮಣ್ಣಿ."

ಬೀಗದ ಕೈಯನ್ನು ಟೇಬಲ್ಲಿನ ಮೇಲಿಟ್ಟು ಮೆಟ್ಟಿಲಿಳಿದರು. ಆಮೇಲೆ ಎರಡು ವರ್ಷ ಸ್ಟುಡಿಯೋ ನಾನೇ ನಡೆಸಿದೆ. ಯಾವಾಗಲಾದರೂ ಬಂದರೆ ಗಿರಾಕಿಗಳ ಬೆಂಚಿನ ಮೇಲೆ ಕೂತು, ಕಾಫಿ ಕುಡಿದು, ಮಳೆ ಬೆಳೆ ಮಾತಾಡಿ ಹೋಗುತ್ತಿದ್ದರು. ಪರದೆಯ ಕಡೆ ಒಮ್ಮೆಯೂ ತಿರುಗಲಿಲ್ಲ. ಕ್ಷಮೆ ಕೇಳಬೇಕೆಂದು ಪ್ರತಿ ಸಲ ಅಂದುಕೊಳ್ಳುತ್ತಿದ್ದೆ. ಅವರು ಬಾಯಿ ತೆರೆಯಲು ಬಿಡಬಾರದೇ? ಮಳೆಯ ಮಾತು ಮುಗಿದದ್ದೇ ಎದ್ದು ಹೊರಡುತ್ತಿದ್ದರು.

ಹೋದ ತಿಂಗಳು ಎದೆನೋವು ಬಂದು ತೀರಿಕೊಂಡರು. ನಾಲ್ಕನೆಯ ದಿನ ಅಕ್ಕ ಸ್ಟುಡಿಯೋಕ್ಕೆ ಬಂದರು. ಕಾರ್ಯದ ದಿನ ಇಡಲು ಫ್ರೇಮು ಬೇಕಿತ್ತು. ಪಾಸಿಗೆ ತೆಗೆದ ಫೋಟೋ ಬಿಟ್ಟರೆ ಬೇರೆ ಇರಲಿಲ್ಲ. ಆ ಫೈಲು ತೆರೆದೆ. ಕಪ್ಪು ಬಳಿದ ಲೇಯರ್ ಹಾಗೇ ಇತ್ತು. ಅದರ ಪಕ್ಕದ ಗುರುತನ್ನು ಒತ್ತಿ ಮರೆಮಾಡಿದೆ. ಅವರ ನಿಜವಾದ ಕಣ್ಣು ಕಂಡಿತು. ಉಳಿದದ್ದನ್ನು ಅವರು ಹೇಳಿದ ಹಾಗೇ ಮಾಡಿ, ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿಟ್ಟೆ.

ಎರಡು ದಿನ ಬಿಟ್ಟು ಅಕ್ಕ ಅದನ್ನು ಒಯ್ಯಲು ಬಂದರು. ಮಡಿಲಲ್ಲಿಟ್ಟುಕೊಂಡು ಸೆರಗಿನಿಂದ ಗಾಜು ಒರೆಸಿದರು.

"ಬಲಗಣ್ಣು ಬೂದಿಯಾಗೈತಲ್ಲವ್ವ. ಒಸಿ ಕಪ್ಪು ಮಾಡಾಕಾಗಲ್ವಾ?"

"ಆಗ್ತದೆ ಅಕ್ಕ. ಆದ್ರೆ ಫೋಟೋ ತೆಗೆದಾಗ ಅದು ಹಂಗೇ ಇತ್ತು."

ಅಕ್ಕ ತಲೆಯೆತ್ತಿದರು. "ಆವಾಗ್ಲೇ ನೋಡಿದ್ದಾ ನೀನು?"

ಸಾರ್ ಮನೆಯಲ್ಲಿ ಹೇಳಿರಲಿಲ್ಲ. ಆ ಎರಡು ವರ್ಷ ದಿನಾ ಜೊತೆಗೆ ಕೂತು ಊಟ ಮಾಡಿದ ಹೆಂಡತಿಗೂ ನನ್ನ ಹೆಸರು ಹೇಳಿ ದೂರಿರಲಿಲ್ಲ. ಅಜ್ಜಿಯ ಕಾರ್ಡಿನ ಸಲವೂ ಹೀಗೇ ಮಾಡಿದ್ದರೇನೋ.

"ನೋಡಿದ್ದೆ ಅಕ್ಕ. ಹೇಳ್ಲಿಲ್ಲ."

ಅಕ್ಕ ಗಾಜಿನ ಮೇಲಿಂದ ಬಲಗಣ್ಣಿನ ಜಾಗವನ್ನು ಸೆರಗಿನ ತುದಿಯಿಂದ ಇನ್ನೊಮ್ಮೆ ಒರೆಸಿದರು. ಕೆಳಗಿನ ಬೇಕರಿಯಲ್ಲಿ ಯಾರೋ ಬ್ರೆಡ್ಡು ಕೊಯ್ಯಿಸುತ್ತಿದ್ದರು.

"ನಾನೂ ಬಡ್ಕೊಂಡೆ, ಕಣ್ಣು ತೋರ್ಸಿ ತೋರ್ಸಿ ಅಂತ. ನಿಂಗೇನ್ ಗೊತ್ತು ಸುಮ್ಕಿರು ಅಂತಿದ್ರು" ಎಂದರು. "ನೀನ್ ಯೋಳಿದ್ರೆ ಕೇಳ್ತಿದ್ರು ಕಣವ್ವ. ನನ್ ಕಣ್ಣು ಆ ಹುಡ್ಗೀಗೆ ಬಂದೈತೆ ಅಂತ ಮನೇಗ್ ಬಂದೋರ್ಗೆಲ್ಲ ಯೋಳ್ತಿದ್ರು."

ಫ್ರೇಮನ್ನು ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡು ಎದ್ದರು. ನಾನು ಬಾಗಿಲ ತನಕ ಹೋದೆ. ಅಕ್ಕ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದರು. ಬತ್ತೀನಿ ಅನ್ನಲಿಲ್ಲ.